ರಜೆಯಲ್ಲಿ ಹೊರದೇಶದ ಸೇವಾ ಶಿಬಿರ: ಮಕ್ಕಳನ್ನು ಹೊರಡಿಸುವುದು ಹೇಗೆ?

ಚಿಂತಾಮಣಿಯ ಉಪನ್ಯಾಸಕಿಯೊಬ್ಬರು ಕೇಳಿದ್ದು: ನಮ್ಮದು ಪಿಯು ಕಾಲೇಜು. ರಜೆಯಲ್ಲಿ ವಿದ್ಯಾರ್ಥಿಗಳನ್ನು ಹೊರದೇಶದ ಸ್ವಯಂಸೇವಾ ಶಿಬಿರಕ್ಕೆ ಕಳಿಸುವ ಸಂಸ್ಥೆಯೊಂದು ನಮ್ಮನ್ನು ಕೇಳಿದೆ. ಪೋಸ್ಟರ್ ಹಾಕಿದೆವು, ಕ್ಲಾಸಿಗೆ ಹೋಗಿ ಹೇಳಿದೆವು. ಮಕ್ಕಳು ಗುಂಪಾಗಿ ಬಂದು ಹೆಸರು ಬರೆಸುತ್ತಾರೆ, ವಾರ ಕಳೆಯುವಷ್ಟರಲ್ಲಿ ಬೇಡ ಅನ್ನುತ್ತಾರೆ. ಅನುಭವ ಇದ್ದವರು ಹೇಳಿ.

ಶ್ರೀನಿವಾಸಪುರದ ಶಿಕ್ಷಕರು:
ಮೇಡಂ, ಹೆಸರು ಬರೆಸುವುದು ಮಕ್ಕಳು, ತೆಗೆಸುವುದು ಮನೆಯವರು. ಪೋಸ್ಟರ್‌ಗೆ ಖರ್ಚು ಮಾಡುವ ಬದಲು ಮನೆಗೆ ಹೋಗಿ. ನಮ್ಮ ಕಡೆ ಬೇಸಿಗೆ ರಜೆ ಅಂದರೆ ಮಾವಿನ ಸುಗ್ಗಿ ಶುರುವಾಗುವ ಹೊತ್ತು, ತೋಟಕ್ಕೂ ಮಂಡಿಗೂ ಕೈ ಬೇಕು. ಆಗ ಹುಡುಗನನ್ನು ಬಿಟ್ಟುಕೊಡುವುದು ಅಪ್ಪನಿಗೆ ಸಣ್ಣ ಮಾತಲ್ಲ. ಅದನ್ನು ಒಪ್ಪಿಕೊಂಡೇ ಮಾತು ಶುರು ಮಾಡಿ.

ಒಂದು ಮನೆಯಲ್ಲಿ ನಾನು ಶಿಬಿರದ ಫೋಟೋ ತೋರಿಸುತ್ತಾ ಕೂತಿದ್ದಾಗ ಅಜ್ಜಿ ಫೋಟೋ ನೋಡಲೇ ಇಲ್ಲ. ರಾತ್ರಿ ಹುಡುಗಿ ಯಾರ ಮನೇಲಿ ಮಲಗ್ತಾಳೆ, ಆ ಮನೇಲಿ ಹೆಂಗಸರು ಇದಾರಾ ಅಂತ ತೆಲುಗಿನಲ್ಲಿ ಕೇಳಿದರು. ಆಗಿನಿಂದ ಒಂದೇ ಹಾಳೆ ಮಾಡಿಕೊಂಡಿದ್ದೇನೆ: ಉಳಿಯುವ ಜಾಗದ ವಿಳಾಸ, ಜೊತೆಗಿರುವ ದೊಡ್ಡವರು, ಊಟ, ಮಾಡುವ ಕೆಲಸ, ಮನೆಗೆ ಫೋನ್ ಮಾಡುವ ಹೊತ್ತು. ಅದನ್ನು ಕನ್ನಡದಲ್ಲಿ ಕೊಟ್ಟು ತೆಲುಗಿನಲ್ಲಿ ವಿವರಿಸುತ್ತೇನೆ. ಈ ಹಾಳೆ ತುಂಬಿಸಲು ಸಂಸ್ಥೆಯವರು ತಡವರಿಸಿದರೆ ಅವರಿಗೆ ಮಕ್ಕಳನ್ನು ಕೊಡಬೇಡಿ.

ದುಡ್ಡಿನ ಮಾತು ಮೊದಲ ದಿನವೇ ಆಗಲಿ. ಸ್ವಯಂಸೇವೆ ಅಂದರೆ ಪುಕ್ಕಟೆ ಅಂದುಕೊಂಡು ಬರುತ್ತಾರೆ. ಇಂಥ ಶಿಬಿರಗಳಲ್ಲಿ ಸಾಮಾನ್ಯವಾಗಿ ಊಟ, ವಸತಿ ಅಲ್ಲಿಯವರದು. ಟಿಕೆಟ್, ವೀಸಾ, ವಿಮೆ, ನೋಂದಣಿ ಶುಲ್ಕ ನಮ್ಮದು. ಒಟ್ಟು ಮೊತ್ತವನ್ನು ಒಂದೇ ಸಲ ಹೇಳಿಬಿಡಿ. ಕಂತುಕಂತಾಗಿ ಹೊಸ ಖರ್ಚು ಹೇಳುತ್ತಾ ಹೋದರೆ ನಿಮ್ಮ ಮಾತಿನ ಮೇಲಿನ ನಂಬಿಕೆಯೇ ಹೋಗುತ್ತದೆ.

ತುಮಕೂರಿನಿಂದ, ಎನ್‌ಎಸ್‌ಎಸ್ ನೋಡಿಕೊಳ್ಳುತ್ತಿದ್ದವರು:
ಸರ್ ಹೇಳಿದ್ದು ಸರಿ. ನನ್ನದು ಕ್ಯಾಲೆಂಡರ್ ವಿಚಾರ. ಯೂರೋಪಿನ ಶಿಬಿರಗಳು ಹೆಚ್ಚಾಗಿ ಜುಲೈ, ಆಗಸ್ಟ್‌ನಲ್ಲಿ. ಆಗ ನಮ್ಮಲ್ಲಿ ಪಾಠ ಜೋರಾಗಿ ನಡೆಯುತ್ತಿರುತ್ತದೆ. ದಸರಾ ರಜೆಗೆ ನೇಪಾಳ ಅಂತ ಯೋಚಿಸುತ್ತಾರೆ, ಆದರೆ ಅಲ್ಲಿಯೂ ಆಗಲೇ ದಶೈಂ ಹಬ್ಬ, ಶಾಲೆಗಳಿಗೆ ಬೀಗ, ಜನ ಊರಿಗೆ. ಏಪ್ರಿಲ್, ಮೇ ವಾಸಿ. 15ರಿಂದ 18 ವರ್ಷದವರು ನೇಪಾಳಕ್ಕೆ ಪಾಸ್‌ಪೋರ್ಟ್ ಇಲ್ಲದೆಯೂ, ಪ್ರಾಂಶುಪಾಲರು ನಿಗದಿತ ನಮೂನೆಯಲ್ಲಿ ಕೊಡುವ ಗುರುತಿನ ಪತ್ರ ಹಿಡಿದು ಹೋಗಬಹುದು. ಮೊದಲ ತಂಡಕ್ಕೆ ಇದಕ್ಕಿಂತ ಸಲೀಸಾದ ದಾರಿ ಇಲ್ಲ.

ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಎಂಬ ಸ್ವಯಂಸೇವಾ ಸಂಸ್ಥೆ 1920ರಲ್ಲಿ, ಮೊದಲ ಮಹಾಯುದ್ಧದಲ್ಲಿ ಹಾಳಾದ ಫ್ರಾನ್ಸಿನ ವೆರ್ಡನ್ ಬಳಿಯ ಹಳ್ಳಿಯಲ್ಲಿ ಮೊದಲ ಶಿಬಿರ ಮಾಡಿತು. ಅಂಥ ಹಳೆಯ ಸಂಸ್ಥೆಗಳ ಶಿಬಿರಗಳೂ ಬಹುಪಾಲು 18 ದಾಟಿದವರಿಗೆ. ಪಿಯು ಮಕ್ಕಳಿಗೆ ಹದಿಹರೆಯದವರ ಶಿಬಿರ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಪಾಸ್‌ಪೋರ್ಟ್‌ನಲ್ಲಿ ತೊಡಕಾಗುವುದು ಇನಿಷಿಯಲ್. ಮಾರ್ಕ್ಸ್ ಕಾರ್ಡಿನಲ್ಲಿ ಕೆ.ಎನ್., ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ಪಾಸ್‌ಪೋರ್ಟ್‌ಗೆ ಹೆಸರು ಬಿಡಿಸಿ ಬರೆಯಬೇಕು. ಹೆಸರು ಬರೆಸಿದ ವಾರವೇ ಎಲ್ಲರ ದಾಖಲೆ ಪಕ್ಕಪಕ್ಕ ಇಟ್ಟು ನೋಡಿ. ತಿದ್ದುಪಡಿಗೆ ತಿಂಗಳುಗಳೇ ಹಿಡಿಯಬಹುದು. 18 ತುಂಬದವರಿಗೆ ತಂದೆ ತಾಯಿಯ ಘೋಷಣೆ, ಅನುಬಂಧ ಡಿ, ಬೇಕು. ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾ ಆದರೆ ಕನಿಷ್ಠ 30,000 ಯೂರೋ ರಕ್ಷಣೆಯ ವಿಮೆ ಕಡ್ಡಾಯ.

ಚಿಕ್ಕಬಳ್ಳಾಪುರದ ತಾಯಿ:
ಮಗಳನ್ನು ಕಳಿಸಿದವಳಾಗಿ ಎರಡು ಮಾತು ಹೇಳುತ್ತೇನೆ ಮೇಡಂ. ನಮಗೆ ಧೈರ್ಯ ಕೊಟ್ಟಿದ್ದು ಭಾಷಣ ಅಲ್ಲ, ಹಿಂದಿನ ವರ್ಷ ಹೋಗಿಬಂದ ಹುಡುಗಿಯ ಅಮ್ಮ. ಪಾತ್ರೆ ತೊಳೆಯೋದು, ಮಣ್ಣು ಹೊರೋದು ಎಲ್ಲ ಮಾಡಿಸ್ತಾರೆ, ಮೊದಲ ಮೂರು ದಿನ ಅಳ್ತಾಳೆ ಅಂತ ಉಳ್ಳದ್ದು ಉಳ್ಳಂತೆ ಹೇಳಿದರು. ಅಂಥವರನ್ನು ಪೋಷಕರ ಸಭೆಗೆ ಕರೆಸಿ.

ಇನ್ನೊಂದು, ಐದು ಜನರನ್ನು ಸೇರಿಸಿದರೆ ನಿನಗೆ ಫ್ರೀ ಅಂತ ಮಕ್ಕಳ ಕೈಯಲ್ಲೇ ಮಕ್ಕಳನ್ನು ಸೇರಿಸುವ ಸಂಸ್ಥೆಯನ್ನು ದಯವಿಟ್ಟು ಕಾಲೇಜಿನ ಒಳಗೆ ಬಿಡಬೇಡಿ. ಗೆಳತಿಯ ಮೇಲಿನ ವಿಶ್ವಾಸಕ್ಕೆ ಕಮಿಷನ್ ಕಟ್ಟುವುದು ಅದು.

ಶ್ರೀನಿವಾಸಪುರದ ಶಿಕ್ಷಕರು:
ಅಕ್ಕ ಹೇಳಿದ ಮೇಲೆ ಇದನ್ನೂ ಸೇರಿಸುತ್ತೇನೆ. ಅನಾಥಾಲಯದಲ್ಲಿ ಸೇವೆ ಅಂದರೆ ಒಪ್ಪಬೇಡಿ. 2015ರ ಭೂಕಂಪದ ನಂತರ ನೇಪಾಳದ ವಿಚಾರದಲ್ಲಿ ಯುನಿಸೆಫ್ ಇದರ ಬಗ್ಗೆಯೇ ಎಚ್ಚರಿಸಿತ್ತು: ವಿದೇಶಿ ಸ್ವಯಂಸೇವಕರು ಕೊಡುವ ದುಡ್ಡಿನ ಆಸೆಗೆ ಅಪ್ಪ ಅಮ್ಮ ಇರುವ ಮಕ್ಕಳನ್ನೂ ಮನೆಯಿಂದ ಬಿಡಿಸಿ ತರುತ್ತಾರೆ. ಗಿಡ ನೆಡುವುದು, ಕಾಲುದಾರಿ ರಿಪೇರಿ, ಶಾಲೆಗೆ ಸುಣ್ಣಬಣ್ಣ, ಇಂಥ ಕೆಲಸ ಇರುವ ಶಿಬಿರ ಆರಿಸಿಕೊಳ್ಳಿ. ಹಾಳೆಯ ಮಾದರಿ ಬೇಕಿದ್ದರೆ ಹೇಳಿ, ಕಳಿಸುತ್ತೇನೆ.