ಸೆಟ್ ಪ್ಲೇ ಪ್ರಾಕ್ಟೀಸ್‌ನಲ್ಲಿ ಬರುತ್ತದೆ, ಮ್ಯಾಚ್‌ನಲ್ಲಿ ಮೊದಲ ಪಾಸ್‌ಗೇ ನಿಂತುಹೋಗುತ್ತದೆ. ಏನು ಮಾಡಲಿ?

ಹಾಸನದ ಪಿ.ಟಿ. ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹಾಸನ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ ನಾನು. ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಟೀಮ್ ನೋಡಿಕೊಳ್ಳುತ್ತೇನೆ. ಎಂಟರಿಂದ ಹತ್ತನೇ ಕ್ಲಾಸಿನ ಮಕ್ಕಳು. ಸ್ಕೂಲ್ ಬಿಟ್ಟ ಮೇಲೆ ಒಂದು ಗಂಟೆ ಪ್ರಾಕ್ಟೀಸ್ ಸಿಗುತ್ತದೆ, ಆಮೇಲೆ ಹಳ್ಳಿ ಕಡೆಯವರು ಬಸ್ ಹಿಡಿಯಬೇಕು. ಸಿಮೆಂಟ್ ಕೋರ್ಟ್. 6ನೇ ಸೈಜಿನ ಬಾಲ್ ನಾಲ್ಕಿವೆ.

ಹಾರ್ನ್ಸ್ ಅನ್ನುವ ಸೆಟ್ (ಯಾರು ಎಲ್ಲಿ ನಿಂತು ಯಾವಾಗ ಓಡಬೇಕು ಅಂತ ಮೊದಲೇ ಗೊತ್ತುಮಾಡಿದ ಆಟ) ಹೇಳಿಕೊಟ್ಟಿದ್ದೇನೆ. ಪಾಯಿಂಟ್ ಗಾರ್ಡ್ ಮೇಲೆ, ಇಬ್ಬರು ಎಲ್ಬೋಗಳಲ್ಲಿ (ಫ್ರೀ ಥ್ರೋ ಗೆರೆಯ ಎರಡು ತುದಿಗಳು), ಇಬ್ಬರು ಕಾರ್ನರ್‌ಗಳಲ್ಲಿ. ಗಾರ್ಡ್ ಬಲಗಡೆ ಎಲ್ಬೋಗೆ ಪಾಸ್ ಕೊಟ್ಟು ಅವಳ ಪಕ್ಕಕ್ಕೇ ಓಡಿಬಂದು ಬಾಲ್ ವಾಪಸ್ ತೆಗೆದುಕೊಳ್ಳುತ್ತಾಳೆ. ಅದೇ ಹೊತ್ತಿಗೆ ಎಡಗಡೆ ಎಲ್ಬೋದವಳು ಕೆಳಗಿಳಿದು ತನ್ನ ಕಡೆಯ ಕಾರ್ನರ್ ಹುಡುಗಿಗೆ ಸ್ಕ್ರೀನ್ ಹಾಕುತ್ತಾಳೆ, ಅಂದರೆ ಆ ಹುಡುಗಿಯ ಡಿಫೆಂಡರ್ ದಾರಿಗೆ ಅಡ್ಡ ನಿಲ್ಲುತ್ತಾಳೆ. ಎದುರಿಗೆ ಯಾರೂ ಇಲ್ಲದಿದ್ದರೆ ನಮ್ಮವರು ಇದನ್ನು ಕಣ್ಣು ಮುಚ್ಚಿ ಮಾಡುತ್ತಾರೆ. ತಾಲ್ಲೂಕು ಮಟ್ಟದ ಮ್ಯಾಚ್‌ನಲ್ಲಿ ಎದುರು ಟೀಮಿನವಳು ಎಲ್ಬೋ ಹುಡುಗಿಯ ಮುಂದೆ ಕೈ ಚಾಚಿ ನಿಂತರೆ ಮುಗಿಯಿತು. ಗಾರ್ಡ್ ಬಾಲ್ ಹಿಡಿದುಕೊಂಡು ನನ್ನ ಮುಖ ನೋಡುತ್ತಾಳೆ. ಐದು ಸೆಕೆಂಡ್ ಆಗಿ ವಿಷಲ್ ಬೀಳುತ್ತದೆ.

ಇನ್ನೂ ಎರಡು ಮೂರು ಸೆಟ್ ಹೇಳಿಕೊಡಲಾ? ಇಲ್ಲ, ಸೆಟ್ ಎಲ್ಲ ಬಿಟ್ಟು ಸುಮ್ನೆ ಆಡಲು ಬಿಡಲಾ? ಯಾವ ಡ್ರಿಲ್ ಮಾಡಿಸಲಿ?

ಎಲ್ಬೋ ಮೇಷ್ಟ್ರು, ಮೈಸೂರು:

ಮೇಡಂ, ಹೊಸ ಸೆಟ್ ಬೇಡ. ಹಾರ್ನ್ಸ್ ಒಂದೇ ಸಾಕು. ಸ್ಕೂಲ್ ಟೀಮ್‌ಗಳ ಜೊತೆ ಇಷ್ಟು ವರ್ಷ ಕೋರ್ಟ್ ಪಕ್ಕ ನಿಂತು ನನಗೆ ಗಟ್ಟಿಯಾಗಿರುವ ಮಾತು ಇದು: ಐದು ಜನ ಖಾಲಿ ಕೋರ್ಟ್‌ನಲ್ಲಿ ಓಡುವುದು ಜಾಗ ಕಲಿಯುವುದಕ್ಕೆ ಮಾತ್ರ. ಆಟ ಕಲಿಯಬೇಕಾದರೆ ಎದುರಿಗೆ ಒಬ್ಬ ಡಿಫೆಂಡರ್ ಬೇಕು. ಅವಳು ಏನು ಮಾಡುತ್ತಾಳೆ ಅಂತ ನಿಮ್ಮ ಹುಡುಗಿಗೆ ಮೊದಲೇ ಗೊತ್ತಿರಬಾರದು. ನಿಮ್ಮ ಗಾರ್ಡ್ ನಿಮ್ಮ ಮುಖ ನೋಡುತ್ತಿದ್ದಾಳೆ ಅಂದರೆ, ಡಿಫೆಂಡರ್ ಮುಖ ನೋಡುವ ಅಭ್ಯಾಸ ಅವಳಿಗೆ ಇನ್ನೂ ಆಗಿಲ್ಲ ಅಂತ ಅರ್ಥ.

ಸೆಟ್ಟನ್ನು ತುಂಡು ಮಾಡಿ. ಮೊದಲ ತುಂಡು ಆ ಮೊದಲ ಪಾಸ್. ಗಾರ್ಡ್, ಎಲ್ಬೋ ಹುಡುಗಿಯರಿಬ್ಬರು, ಅವರಿಗೆ ಇಬ್ಬರು ಡಿಫೆಂಡರ್. ಐದೇ ಜನ. ನೀವು ಗಾರ್ಡ್ ಬೆನ್ನ ಹಿಂದೆ ನಿಂತುಕೊಳ್ಳಿ. ಎಲ್ಬೋ ಹುಡುಗಿಯರು ರಿಂಗ್ ಕಡೆಗೆ ಮುಖ ಮಾಡಿ ಶುರು ಮಾಡಲಿ, ಆಗ ನಿಮ್ಮ ಕೈ ಅವರಿಗೂ ಕಾಣುವುದಿಲ್ಲ. ಡಿಫೆಂಡರ್‌ಗೆ ಒಂದು ಬೆರಳು ತೋರಿಸಿದರೆ ಪಾಸ್ ದಾರಿಗೆ ಕೈ ಹಾಕಿ ಅಡ್ಡ ನಿಲ್ಲಬೇಕು. ಎರಡು ಬೆರಳು ತೋರಿಸಿದರೆ ಹಿಂದೆ ನಿಂತು ಪಾಸ್ ಬಿಟ್ಟುಕೊಡಬೇಕು. ಆಮೇಲೆ "ಆಡಿ" ಅನ್ನಿ.

ಬಲ ಎಲ್ಬೋ ಮುಚ್ಚಿದರೆ ಗಾರ್ಡ್ ಎಡ ಎಲ್ಬೋಗೆ ಪಾಸ್ ಕೊಡುತ್ತಾಳೆ. ಆ ಬಾಲ್ ಗಾಳಿಯಲ್ಲಿರುವಾಗಲೇ ಬಲಗಡೆಯವಳು ಡಿಫೆಂಡರ್‌ನ ಬೆನ್ನ ಹಿಂದಿನಿಂದ ರಿಂಗ್‌ಗೆ ನುಗ್ಗಬೇಕು. ಎಡಗಡೆಯವಳು ಹಿಡಿದು, ತಿರುಗಿ, ಅವಳಿಗೆ ಬೌನ್ಸ್ ಪಾಸ್. ಲೇಅಪ್, ಅಂದರೆ ರಿಂಗ್ ಪಕ್ಕದಿಂದಲೇ ಬಾಲ್ ಹಾಕುವುದು. ನಿಮ್ಮ ಎದುರಾಳಿಗಳು ಕೈ ಚಾಚಿ ನಿಂತು ಕೊಡುತ್ತಿರುವುದು ಇದನ್ನೇ, ಅಲ್ವಾ?

ಇಲ್ಲಿ ಕಾಲಿನ ಕೆಲಸ ನೋಡಿ. ನುಗ್ಗುವವಳು ನಿಂತಲ್ಲಿಂದಲೇ ಓಡಿದರೆ ಡಿಫೆಂಡರ್ ಜೊತೆಗೇ ಬರುತ್ತಾಳೆ. ಮೊದಲು ಬಾಲ್ ಕಡೆಗೆ ಒಂದು ಹೆಜ್ಜೆ, ಕೈ ಚಾಚಿ, ನಿಜವಾಗಿ ಪಾಸ್ ಕೇಳುವ ಹಾಗೆ. ಡಿಫೆಂಡರ್‌ನ ತೂಕ ಮುಂದಕ್ಕೆ ಬಂತು. ಆಗ ಹೊರಗಿನ ಕಾಲು ಗಟ್ಟಿ ಊರಿ, ಒಳಗಿನ ಕಾಲಿಂದ ಉದ್ದ ಹೆಜ್ಜೆ. ಆ ಹೆಜ್ಜೆ ಎತ್ತಿದಾಗಲೇ ಪಾಸ್ ಕೈಬಿಡಬೇಕು. ಹುಡುಗಿ ರಿಂಗ್ ಕೆಳಗೆ ಮುಟ್ಟಿದ ಮೇಲೆ ಕೊಟ್ಟರೆ ಆಗಲೇ ತಡ. ಎಲ್ಬೋದಿಂದ ರಿಂಗ್‌ಗೆ ಸುಮಾರು ಐದು ಮೀಟರ್ ಅಷ್ಟೇ. ದಾರಿ ಮಧ್ಯೆ ಹಿಡಿದರೆ ಒಂದೇ ಡ್ರಿಬಲ್ ಸಾಕು.

ಎರಡನೇ ತುಂಡು ಕೈಗೆ ಕೈ ಬಾಲ್ ಕೊಡುವ ಜಾಗ. ಗಾರ್ಡ್, ಬಲ ಎಲ್ಬೋದವಳು, ಬಲ ಕಾರ್ನರ್‌ನವಳು, ಮೂವರಿಗೂ ಡಿಫೆಂಡರ್. ಎಲ್ಬೋದವಳು ಬಾಲ್ ಹಿಡಿದ ಮೇಲೆ ಕದಲಬಾರದು. ಗಾರ್ಡ್ ಅವಳ ಸೊಂಟಕ್ಕೆ ಭುಜ ತಾಗುವಷ್ಟು ಹತ್ತಿರ ಓಡಬೇಕು. ಮಧ್ಯೆ ಸಂದು ಬಿಟ್ಟರೆ ಡಿಫೆಂಡರ್ ತೂರಿಕೊಳ್ಳುತ್ತಾಳೆ. ಗಾರ್ಡ್‌ನ ಡಿಫೆಂಡರ್ ಹಿಂದೆ ಬಿದ್ದರೆ ಬಾಲ್ ತೆಗೆದುಕೊಂಡು ಡ್ರೈವ್ ಮಾಡಲಿ. ಡಿಫೆಂಡರ್ ಮುಂಚೆಯೇ ಆ ಕಡೆಗೆ ಹಾರಿ ನಿಂತಿದ್ದರೆ ಬಾಲ್ ಮುಟ್ಟದೆ ಸೀದಾ ರಿಂಗ್‌ಗೆ ಹೋಗಲಿ, ಪಾಸ್ ಹಿಂದಿನಿಂದ ಬರುತ್ತದೆ. ಇಲ್ಲೂ ಬೆರಳು ತೋರಿಸುವ ಪದ್ಧತಿ ಹಾಗೇ ಇಡಿ.

ಮೂರನೆಯದು ಎಡಗಡೆ ಸ್ಕ್ರೀನ್. ಸ್ಕ್ರೀನ್ ಬರುವ ತನಕ ಕಾಯುವುದು ಈ ವಯಸ್ಸಿನವರಿಗೆ ತುಂಬ ಕಷ್ಟ. ಬೇಗ ಹೊರಟುಬಿಡುತ್ತಾರೆ. ಆಗ ಸ್ಕ್ರೀನ್ ಹಾಕುವವಳು ಓಡುತ್ತಲೇ ಡಿಫೆಂಡರ್‌ಗೆ ಡಿಕ್ಕಿ ಹೊಡೆದು ಫೌಲ್ ಆಗುತ್ತದೆ. ಅದಕ್ಕೆ ನಾನು ಮಾಡಿಸುವುದು: ಎರಡು ಕಾಲೂ ನೆಲಕ್ಕೆ ಊರಿದ ಮೇಲೆ ಸ್ಕ್ರೀನ್ ಹಾಕಿದವಳು "ಬಾ" ಅಂತ ಕೂಗಬೇಕು. ಆ ಕೂಗು ಕೇಳದೆ ಕಾರ್ನರ್ ಹುಡುಗಿ ಕಾಲು ಎತ್ತುವಂತಿಲ್ಲ.

ಇನ್ನು ಕಾರ್ನರ್. ಸಿಮೆಂಟ್ ಕೋರ್ಟ್ ಇರುವುದು ನಿಮಗೆ ಅನುಕೂಲ. ಎರಡೂ ಕಾರ್ನರ್‌ನಲ್ಲಿ ತ್ರೀ ಪಾಯಿಂಟ್ ಗೆರೆಯ ಮೇಲೇ ಸೀಮೆಸುಣ್ಣದಿಂದ ಒಂದು ವೃತ್ತ ಬರೆಯಿರಿ. ತನ್ನ ಸರದಿ ಬರುವ ತನಕ ಹುಡುಗಿಯ ಕಾಲು ಅದರೊಳಗೇ ಇರಬೇಕು. ಬಾಲ್ ಕಡೆಗೆ ಎರಡು ಹೆಜ್ಜೆ ಜಾರಿ ಬಂದಳು ಅನ್ನಿ, ಅವಳ ಡಿಫೆಂಡರ್ ಕೂಡ ಪೇಂಟ್‌ಗೆ (ರಿಂಗ್ ಮುಂದಿನ ಚೌಕಕ್ಕೆ) ಬಂದು ಕೂರುತ್ತಾಳೆ. ನುಗ್ಗುವವಳಿಗೆ ಇದ್ದ ದಾರಿ ಮುಚ್ಚಿಹೋಯಿತು. ಮಕ್ಕಳಿಗೆ "ದೂರ ನಿಲ್ಲು" ಅಂದರೆ ಅರ್ಥವಾಗುವುದಿಲ್ಲ, ವೃತ್ತ ಅರ್ಥವಾಗುತ್ತದೆ.

ಹೀಗೆ ಡಿಫೆಂಡರ್ ಬೆನ್ನ ಹಿಂದಿನಿಂದ ನುಗ್ಗುವ ಬ್ಯಾಕ್‌ಡೋರ್ ಕಟ್ ಅಂದರೆ ಮಕ್ಕಳ ಆಟ ಅಂತ ಯಾರಾದರೂ ಅಂದರೆ 1996ರ ಅಮೆರಿಕದ ಕಾಲೇಜು ಟೂರ್ನಿಯ ಪ್ರಿನ್ಸ್‌ಟನ್ ಮತ್ತು ಯುಸಿಎಲ್‌ಎ ಪಂದ್ಯ ತೋರಿಸಿ. ಯುಸಿಎಲ್‌ಎ ಅದರ ಹಿಂದಿನ ವರ್ಷದ ಚಾಂಪಿಯನ್. ಪ್ರಿನ್ಸ್‌ಟನ್ ಕೋಚ್ ಪೀಟ್ ಕ್ಯಾರಿಲ್. ಸ್ಕೋರ್ 41-41, ಕೊನೆಯ ಕೆಲವೇ ಸೆಕೆಂಡ್. ಹೈ ಪೋಸ್ಟ್‌ನಲ್ಲಿ (ಫ್ರೀ ಥ್ರೋ ಗೆರೆಯ ಹತ್ತಿರ) ಬಾಲ್ ಹಿಡಿದಿದ್ದ ಸ್ಟೀವ್ ಗುಡ್‌ರಿಚ್ ಪಾಸ್ ಕೊಟ್ಟ, ಡಿಫೆಂಡರ್ ಬೆನ್ನ ಹಿಂದಿನಿಂದ ನುಗ್ಗಿದ ಗೇಬ್ ಲೆವುಲ್ಲಿಸ್ ಲೇಅಪ್ ಹಾಕಿದ. 43-41. ಆ ವಿಡಿಯೋ ಹಾಕಿ, ಲೆವುಲ್ಲಿಸ್‌ನ ಡಿಫೆಂಡರ್ ಎಲ್ಲಿದ್ದಾನೆ ಅಂತ ನಿಮ್ಮ ಗಾರ್ಡ್‌ನ ಕೇಳಿ. ಅವಳೇ ಹೇಳುತ್ತಾಳೆ.

ತುಮಕೂರು ಅಮ್ಮ:

ನನ್ನ ಮಗಳು ಏಳನೇ ಕ್ಲಾಸ್, ಕ್ಲಬ್‌ನಲ್ಲಿ ಆಡುತ್ತಾಳೆ. ನಾನೂ ಕಾಲೇಜಿನಲ್ಲಿ ಆಡಿದವಳು. ಮೇಷ್ಟ್ರ ಮಾತು ಒಪ್ಪುತ್ತೇನೆ, ಆದರೂ ಒಂದು ಆಕ್ಷೇಪ ಇದೆ. ಈ ವಯಸ್ಸಿಗೆ ಸೆಟ್ ಯಾಕೆ ಬೇಕು? ಪಾಸ್ ಕೊಡು, ರಿಂಗ್‌ಗೆ ಓಡು, ಸಿಗದಿದ್ದರೆ ಹೊರಗೆ ಬಾ. ಮೂರು ಮೂರು ಜನ ಆಡಿದರೆ ಎಲ್ಲರಿಗೂ ಬಾಲ್ ಸಿಗುತ್ತದೆ. ಸೆಟ್ ಪ್ಲೇ ಅಂದರೆ ಎರಡು ಹುಡುಗಿಯರು ಆಡುತ್ತಾರೆ, ಮೂವರು ನೋಡುತ್ತಾರೆ. ಕಾರ್ನರ್‌ನಲ್ಲಿ ನಿಂತ ಮಗು ಇಡೀ ಮ್ಯಾಚ್ ನಿಂತೇ ಇರುತ್ತದೆ. ಅದನ್ನು ನೋಡಲು ನನಗೆ ಬೇಜಾರಾಗುತ್ತದೆ.

ಎಲ್ಬೋ ಮೇಷ್ಟ್ರು, ಮೈಸೂರು:

ಅಮ್ಮಾ, ಏಳನೇ ಕ್ಲಾಸಿಗೆ ನೀವು ಹೇಳಿದ್ದೇ ಸರಿ. ಅಲ್ಲಿ ನಾನೂ ಸೆಟ್ ಹಾಕಿಸುವುದಿಲ್ಲ. ಆದರೆ ಒಂಬತ್ತು, ಹತ್ತನೇ ಕ್ಲಾಸಿಗೆ ಒಂದು ಸೆಟ್ ಇರಲಿ. ಇಲ್ಲದಿದ್ದರೆ ಟೀಮಿನ ಅತಿ ಚುರುಕಿನ ಹುಡುಗಿ ಪ್ರತಿ ಸಲವೂ ಡ್ರಿಬಲ್ ಮಾಡಿಕೊಂಡು ಒಬ್ಬಳೇ ಹೋಗುತ್ತಾಳೆ, ಉಳಿದ ನಾಲ್ವರು ಆಗಲೂ ನೋಡುತ್ತಾರೆ. ಸೆಟ್‌ನಲ್ಲಿ ಕನಿಷ್ಠ ಎಲ್ಬೋದವಳಿಗೆ ಬಾಲ್ ಮುಟ್ಟುವ ಹಕ್ಕು ಇದೆ. ಕಾರ್ನರ್ ಮಗುವಿನ ಬಗ್ಗೆ ನೀವು ಹೇಳಿದ್ದು ಮುಖ್ಯ. ಪ್ರಾಕ್ಟೀಸ್‌ನಲ್ಲಿ ಎಲ್ಲರೂ ಎಲ್ಲ ಜಾಗದಲ್ಲೂ ಆಡಲಿ. ಎತ್ತರದವಳು ಎಲ್ಬೋ, ಗಿಡ್ಡದವಳು ಗಾರ್ಡ್ ಅಂತ ಈಗಲೇ ಹಣೆಪಟ್ಟಿ ಹಚ್ಚಬೇಡಿ. ಎಂಟನೇ ಕ್ಲಾಸಿನಲ್ಲಿ ಎತ್ತರ ಇದ್ದವಳು ಹತ್ತಕ್ಕೆ ಬರುವಾಗ ಟೀಮಿನಲ್ಲಿ ಸಾಧಾರಣ ಎತ್ತರದವಳಾಗಿರಬಹುದು.

ಹಾಸನದ ಪಿ.ಟಿ. ಟೀಚರ್:

ಸರ್, ಬೆರಳಿನ ಡ್ರಿಲ್ ನಿನ್ನೆ ಸಂಜೆಯೇ ಮಾಡಿಸಿದೆ. ಮೊದಲು ಪೂರ್ತಿ ಗೊಂದಲ, ಆಮೇಲೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ನಾಲ್ಕು ಸಲ ಸಾಲಾಗಿ ಹಿಂದಿನಿಂದ ನುಗ್ಗಿದಳು. ಅವಳ ಡಿಫೆಂಡರ್‌ಗೆ ಸಿಟ್ಟೇ ಬಂತು. ಈಗ ಇನ್ನೊಂದು ಕಷ್ಟ. ಜಿಲ್ಲಾ ಮಟ್ಟದಲ್ಲಿ ನಮಗೆ ಎದುರಾಗುವ ಟೀಮ್ ಸೆಕೆಂಡ್ ಹಾಫ್‌ನಲ್ಲಿ 2-3 ಝೋನ್‌ಗೆ (ಡಿಫೆನ್ಸ್‌ನಲ್ಲಿ ಮುಂದೆ ಇಬ್ಬರು, ಹಿಂದೆ ಮೂವರು) ಹೋಗುತ್ತದೆ. ಆಗ ಹಾರ್ನ್ಸ್ ನಡೆಯುತ್ತದಾ?

ಮಂಗಳೂರು ವಿಂಗ್:

ನಾನು ಯೂನಿವರ್ಸಿಟಿ ಟೀಮಿಗೆ ಆಡುವಾಗ ನಮ್ಮ ಎದುರು ಜಾಸ್ತಿ ಬಂದದ್ದು ಇದೇ ಝೋನ್. ಹಾರ್ನ್ಸ್ ಹಾಗೇ ಓಡಿಸಿದರೆ ನಡೆಯುವುದಿಲ್ಲ ಮೇಡಂ. ಝೋನ್‌ನವರು ಮನುಷ್ಯರನ್ನು ಹಿಂಬಾಲಿಸುವುದಿಲ್ಲ, ಜಾಗ ಕಾಯುತ್ತಾರೆ. ಸ್ವಲ್ಪ ಬದಲಿಸಿ. ಗಾರ್ಡ್ ಮೇಲೇ ಇರಲಿ. ಕಾರ್ನರ್‌ನವರಿಬ್ಬರೂ ವಿಂಗ್‌ಗೆ (ಫ್ರೀ ಥ್ರೋ ಗೆರೆಯ ನೇರಕ್ಕೆ, ಕೋರ್ಟ್‌ನ ಎರಡು ಪಕ್ಕಕ್ಕೆ) ಮೇಲೆ ಬರಲಿ. ಎಲ್ಬೋದವರಲ್ಲಿ ಒಬ್ಬಳು ಫ್ರೀ ಥ್ರೋ ಗೆರೆಯ ಮಧ್ಯಕ್ಕೆ, ಇನ್ನೊಬ್ಬಳು ಕೆಳಗೆ ಬೇಸ್‌ಲೈನ್‌ಗೆ (ರಿಂಗ್ ಹಿಂದಿನ ಗೆರೆಯ ಹತ್ತಿರ). ಕೆಳಗಿನವಳು ಬಾಲ್ ಯಾವ ಕಡೆ ಹೋದರೆ ಆ ಕಡೆಗೆ ಓಡಬೇಕು.

ಆ ಮಧ್ಯದ ಹುಡುಗಿಯ ಕೈಗೆ ಬಾಲ್ ಸೇರಿದರೆ ಝೋನ್ ಕುಗ್ಗುತ್ತದೆ. ಮುಂದಿನ ಇಬ್ಬರೂ ಹಿಂದಿರುಗಿ ನೋಡುತ್ತಾರೆ. ಹಿಂದಿನ ಸಾಲಿನ ನಡುವಿನವಳು ಮೇಲೆ ಬಂದರೆ ಬೇಸ್‌ಲೈನ್ ಹುಡುಗಿ ರಿಂಗ್ ಹತ್ತಿರ ಒಂಟಿಯಾಗಿ ಸಿಗುತ್ತಾಳೆ. ಯಾರೂ ಬರದಿದ್ದರೆ ಮಧ್ಯದವಳೇ ಶಾಟ್ ಹೊಡೆಯಲಿ. ಎಲ್ಲರೂ ಮುತ್ತಿಕೊಂಡರೆ ವಿಂಗ್‌ಗೆ ಹೊರಗೆ ಪಾಸ್. ಮಧ್ಯದವಳು ಬಾಲ್ ಹಿಡಿದ ತಕ್ಷಣ ರಿಂಗ್ ಕಡೆ ತಿರುಗಬೇಕು. ಬೆನ್ನು ಹಾಕಿ ನಿಂತು ಗಾರ್ಡ್‌ಗೇ ವಾಪಸ್ ಕೊಟ್ಟರೆ ಏನೂ ಆಗಲಿಲ್ಲ. ಇನ್ನೊಂದು ವಿಷಯ, ಫ್ರೀ ಥ್ರೋ ಗೆರೆಯೂ ಪೇಂಟ್‌ನ ಭಾಗವೇ. ಪೇಂಟ್‌ನಲ್ಲಿ ಮೂರು ಸೆಕೆಂಡ್‌ಗಿಂತ ಹೆಚ್ಚು ನಿಲ್ಲುವಂತಿಲ್ಲ, ಗೆರೆ ತುಳಿದು ನಿಂತರೂ ಆ ಎಣಿಕೆ ಶುರುವಾಗುತ್ತದೆ. ಗೆರೆಯಿಂದ ಆಚೆ ಕಾಯ್ದು, ಬಾಲ್ ಬರುವಾಗ ಒಳಗೆ ಬರಲಿ.

ಡ್ರಿಲ್ ಒಂದೇ. ಐದು ಜನ ಝೋನ್ ನಿಲ್ಲಲಿ, ನಿಮ್ಮ ಐವರಿಗೆ ಡ್ರಿಬಲ್ ಇಲ್ಲ. ಬಾಲ್ ಮಧ್ಯಕ್ಕೆ ಒಂದು ಸಲ ಹೋಗಿ ಬಾರದೆ ಶಾಟ್ ಹೊಡೆಯುವಂತಿಲ್ಲ. ಪಾಸ್ ಮಾಡುವ ಮುಂಚೆ ಮೇಲೆ ತೋರಿಸಿ ಕೆಳಗೆ ಕೊಡುವುದು, ಎಡಕ್ಕೆ ತೋರಿಸಿ ಬಲಕ್ಕೆ ಕೊಡುವುದು ಅವರಾಗಿಯೇ ಕಲಿಯುತ್ತಾರೆ, ಯಾಕಂದರೆ ಬೇರೆ ದಾರಿಯೇ ಇರುವುದಿಲ್ಲ.

ಕಂಠೀರವ ಗ್ಯಾಲರಿ, ಬೆಂಗಳೂರು:

ಬೇಸ್‌ಲೈನ್ ಇನ್‌ಬೌಂಡ್, ಅಂದರೆ ಹೊರಗೆ ಹೋದ ಬಾಲನ್ನು ಬೇಸ್‌ಲೈನ್‌ನಿಂದ ಒಳಗೆ ಹಾಕುವುದರ ಬಗ್ಗೆ ಯಾರೂ ಹೇಳಲಿಲ್ಲ. ಸ್ಕೂಲ್ ಮ್ಯಾಚ್‌ಗಳಲ್ಲಿ ರಿಂಗ್ ಕೆಳಗಿನಿಂದ ಬಾಲ್ ಹಾಕುವ ಅವಕಾಶ ಸಾಕಷ್ಟು ಬರುತ್ತದೆ, ಹೆಚ್ಚಿನ ಟೀಮ್‌ಗಳು ಅದನ್ನು ಸುಮ್ನೆ ಗಾರ್ಡ್‌ಗೆ ಕೊಟ್ಟು ಕಳೆಯುತ್ತವೆ. 2017ರ ಜುಲೈನಲ್ಲಿ ನಮ್ಮ ಕಂಠೀರವದಲ್ಲೇ ನಡೆದ ಮಹಿಳೆಯರ ಏಷ್ಯಾ ಕಪ್‌ನ ಡಿವಿಷನ್ ಬಿ ಫೈನಲ್‌ನಲ್ಲಿ ಭಾರತ ಕಝಾಕಿಸ್ತಾನವನ್ನು ಸೋಲಿಸಿದ್ದು 75-73ರಲ್ಲಿ. ಎರಡೇ ಪಾಯಿಂಟ್. ಅಷ್ಟು ಬಿಗಿಯಾದ ಆಟದಲ್ಲಿ ಒಂದು ಸುಲಭದ ಲೇಅಪ್‌ಗೆ ಎಷ್ಟು ಬೆಲೆ ಅಂತ ನಿಮ್ಮ ಹುಡುಗಿಯರಿಗೆ ಹೇಳಿ.

ನಾಲ್ವರು ಚೌಕಾಕಾರ ನಿಲ್ಲಲಿ. ಇಬ್ಬರು ರಿಂಗ್ ಪಕ್ಕ, ಇಬ್ಬರು ಎಲ್ಬೋಗಳಲ್ಲಿ. ಕೆಳಗಿನವರು ಮೇಲೆ ಹೋಗಿ ಸ್ಕ್ರೀನ್ ಹಾಕುತ್ತಾರೆ, ಮೇಲಿನವರು ರಿಂಗ್‌ಗೆ ಇಳಿಯುತ್ತಾರೆ. ಸ್ಕ್ರೀನ್ ಹಾಕಿದವಳು ಅಲ್ಲೇ ನಿಲ್ಲದೆ ಬಾಲ್ ಕಡೆ ತಿರುಗಬೇಕು. ಅವಳ ಡಿಫೆಂಡರ್ ಸಹಾಯಕ್ಕೆ ಹೋಗಿದ್ದರೆ ಅವಳೇ ಫ್ರೀ. ಬಾಲ್ ಹಾಕಿದವಳು ತಕ್ಷಣ ಕೋರ್ಟ್ ಒಳಗೆ ಬರಲಿ. ಅವಳನ್ನು ಎಲ್ಲರೂ ಮರೆತಿರುತ್ತಾರೆ. ಐದು ಸೆಕೆಂಡ್ ಒಳಗೆ ಹಾಕಬೇಕು, ಆದ್ದರಿಂದ ಪ್ರಾಕ್ಟೀಸ್‌ನಲ್ಲಿ ಒಬ್ಬಳು ಜೋರಾಗಿ ಎಣಿಸುತ್ತಿರಲಿ.

ಹಾಸನದ ಪಿ.ಟಿ. ಟೀಚರ್:

ತುಂಬ ಥ್ಯಾಂಕ್ಸ್ ಎಲ್ಲರಿಗೂ. ಇನ್‌ಬೌಂಡ್ ಖಂಡಿತ ಸೇರಿಸುತ್ತೇನೆ. ಇಷ್ಟೆಲ್ಲ ಒಂದು ಗಂಟೆಯಲ್ಲಿ ಹೇಗೆ ಹಿಡಿಸಲಿ ಸರ್? ಕೆಲವು ದಿನ ಎಂಟೇ ಮಕ್ಕಳು ಬರುತ್ತಾರೆ.

ಎಲ್ಬೋ ಮೇಷ್ಟ್ರು, ಮೈಸೂರು:

ಒಂದೇ ದಿನ ಎಲ್ಲ ಬೇಡ ಮೇಡಂ. ಮೊದಲ ಹತ್ತು ನಿಮಿಷ ಮೂವರು ಓಡುತ್ತಾ ಪಾಸ್ ಮಾಡಿ ಲೇಅಪ್ ಹಾಕುವುದು, ಎರಡೂ ಕೈಯಲ್ಲಿ. ಮೈ ಬಿಸಿಯಾಗುವುದಕ್ಕೆ ಬೇರೆ ಸುತ್ತು ಓಡಿಸಬೇಕಿಲ್ಲ. ಖಾಲಿ ಕೋರ್ಟ್‌ನಲ್ಲಿ ಸೆಟ್ ಐದು ನಿಮಿಷ, ಅದಕ್ಕಿಂತ ಜಾಸ್ತಿ ಬೇಡ. ಆಮೇಲೆ ದಿನಕ್ಕೊಂದು ತುಂಡು, ಎರಡೂ ರಿಂಗ್‌ನಲ್ಲಿ ಒಟ್ಟಿಗೆ, ಇಪ್ಪತ್ತು ನಿಮಿಷ. ಸಾಲಿನಲ್ಲಿ ಕಾಯುವ ಮಗು ಇರಬಾರದು. ಉಳಿದ ಹೊತ್ತು ಆಟ. ಆದರೆ ಆ ದಿನದ ತುಂಡಿನಿಂದ ಬಂದ ಬ್ಯಾಸ್ಕೆಟ್‌ಗೆ ಎರಡರ ಬದಲು ನಾಲ್ಕು ಪಾಯಿಂಟ್ ಕೊಡಿ. ಹೇಳದೆಯೇ ಅದನ್ನು ಹುಡುಕಿಕೊಂಡು ಆಡುತ್ತಾರೆ. ಝೋನ್‌ಗೆ ವಾರದಲ್ಲಿ ಒಂದು ದಿನ, ಹತ್ತು ಮಕ್ಕಳು ಇರುವ ದಿನ. ಇನ್‌ಬೌಂಡ್‌ಗೆ ಬೇರೆ ಸಮಯ ಬೇಡ. ಆಟದ ಮಧ್ಯೆ ಬಾಲ್ ಹೊರಗೆ ಹೋದಾಗಲೆಲ್ಲ ಬೇಸ್‌ಲೈನ್‌ನಿಂದಲೇ ಶುರು ಮಾಡಿಸಿ.

ಎಂಟು ಮಕ್ಕಳು ಬಂದರೆ ನಾಲ್ಕು ನಾಲ್ಕು ಆಡಿಸಿ, ಬಲ ಕಾರ್ನರ್ ಖಾಲಿ ಬಿಡಿ. ಆ ಕಡೆ ಸಹಾಯಕ್ಕೆ ಬರುವ ಡಿಫೆಂಡರ್ ಇರುವುದಿಲ್ಲ, ಬಲ ಎಲ್ಬೋದಿಂದ ನುಗ್ಗುವವಳಿಗೆ ದಾರಿ ಇನ್ನೂ ಅಗಲ. ಹೊಸದಾಗಿ ಕಲಿಯುವವರಿಗೆ ನಾನು ಹತ್ತು ಜನ ಇದ್ದಾಗಲೂ ಮೊದಲು ಹೀಗೆಯೇ ಶುರು ಮಾಡಿಸುತ್ತೇನೆ.