24 ಕಂತು ಕಟ್ಟಿ ಮುಗಿಸಿದೀನಿ, ಇನ್ನೂ 6,608 ರೂಪಾಯಿ ಬಾಕಿ ಅಂತಾರೆ. ಏನು ಮಾಡಲಿ?

ಪ್ರಶ್ನೆ (ಟೈಲರ್, ನಿಟುವಳ್ಳಿ, ದಾವಣಗೆರೆ)

ಮೇಡಂ, ನಮಸ್ಕಾರ. ಮನೆ ಮುಂದಿನ ರೂಮಿನಾಗೆ ಬ್ಲೌಸ್ ಹೊಲೀತೀನಿ. 2023ರಾಗೆ ಅಂಗಡಿಯಿಂದ ಒಂದು ಪವರ್ ಮಷೀನು, ಒಂದು ಓವರ್‌ಲಾಕ್ ಮಷೀನು ತಂದೆ. ಪೂರ್ತಿ ದುಡ್ಡು ಕೈಯಾಗಿರಲಿಲ್ಲ. ತಿಂಗಳಿಗೆ 1,950ರಂಗೆ 24 ತಿಂಗಳು ಬಾಡಿಗೆ ಕಟ್ಟಿ, ಆಮೇಲೆ ಮಷೀನು ನಿಮ್ಮದೇ ಅಂತ ಹೇಳಿ ಸಹಿ ಹಾಕಿಸಿಕೊಂಡರು. ಏಪ್ರಿಲ್‌ನಿಂದ ಬ್ಯಾಂಕ್ ಖಾತೆಯಾಗೆ ತಾನೇ ಕಟ್ ಆಗ್ತಿತ್ತು. 2025ರ ಮಾರ್ಚ್‌ಗೆ ಕೊನೇ ಕಂತೂ ಹೋಯ್ತು.

ಬಾಕಿ ಏನೂ ಇಲ್ಲ ಅನ್ನೋ ನೋ ಡ್ಯೂ ಪತ್ರ ಕೇಳೋಕೆ ಹೋದ್ರೆ ಇನ್ನೂ 6,608 ಬಾಕಿ ಐತಿ ಅಂದ್ರು. ಯಾತರದ್ದು ಅಂತ ಕೇಳಿದ್ರೆ ಸಿಸ್ಟಮ್‌ನಾಗೆ ತೋರಿಸ್ತೈತಿ ಅಂತಾರೆ. ಒಂದೇ ಸಲ, 2023ರ ಅಕ್ಟೋಬರ್‌ನಾಗೆ, ಖಾತೆಯಾಗೆ ಅರವತ್ತು ರೂಪಾಯಿ ಕಮ್ಮಿ ಬಿದ್ದು ಕಂತು ಬೌನ್ಸ್ ಆಗಿತ್ತು. ಮೂರೇ ದಿನಕ್ಕೆ ಅಂಗಡಿಗೆ ಹೋಗಿ 1,950 ನಗದು ಕಟ್ಟಿ ರಸೀದಿ ತಗೊಂಡೆ. ಈಗ ದಿನಾ ಫೋನು. ನಿನ್ನೆ ಒಬ್ಬ ಹುಡುಗ ಬಂದು ಗಿರಾಕಿಗಳ ಮುಂದೇನೇ ಮಷೀನು ಎತ್ಕೊಂಡು ಹೋಗ್ತೀವಿ ಅಂದ. ಮೂರು ಸಾವಿರ ಕೊಡಿ, ಸೆಟ್ಲ್ ಮಾಡಿಸ್ತೀನಿ ಅಂತಾನೂ ಅಂದ. ಕೊಟ್ಟುಬಿಡಲಾ ಮೇಡಂ?

ಉತ್ತರ (ವಕೀಲೆ, ಗ್ರಾಹಕ ಪ್ರಕರಣಗಳು)

ಅಕ್ಕಾ, ಕೊಡಬೇಡಿ. ಇವತ್ತು ಒಂದು ರೂಪಾಯಿಯೂ ಬೇಡ, ಯಾವ ಕಾಗದಕ್ಕೂ ಸಹಿ ಬೇಡ. "ಸೆಟ್ಲ್" ಅನ್ನೋದು ಕೇಳೋಕೆ ಸಮಾಧಾನದ ಮಾತು, ಆದರೆ ನೀವು ಸಾಲ ಹೇಗೆ ತೀರಿಸಿದಿರಿ ಅಂತ ತೋರಿಸೋ ಸಿಬಿಲ್ ವರದಿಯಲ್ಲಿ "ಕ್ಲೋಸ್ಡ್" ಬೇರೆ, "ಸೆಟ್ಲ್ಡ್" ಬೇರೆ. ಪೂರ್ತಿ ಕಟ್ಟಲಾಗದೆ ಅರೆಬರೆ ಕೊಟ್ಟು ಮುಗಿಸಿದವರು ಅಂತ "ಸೆಟ್ಲ್ಡ್" ಅನ್ನೋದರ ಅರ್ಥ. 46,800 ರೂಪಾಯಿ ನಿಯತ್ತಾಗಿ ಕಟ್ಟಿದವರಿಗೆ ಆ ಹಣೆಪಟ್ಟಿ ಯಾಕೆ?

ಮೊತ್ತದ ಮೇಲೆ ಜಗಳಕ್ಕೆ ಇಳಿಯಬೇಡಿ. ಆರು ಸಾವಿರ ಅಲ್ಲ ಮೂರು ಸಾವಿರ ಅಂತ ಚೌಕಾಸಿ ಶುರುವಾದರೆ ಬಾಕಿ ಇದೆ ಅಂತ ನೀವೇ ಒಪ್ಪಿಕೊಂಡ ಹಾಗೆ. ನೀವು ಕೇಳಬೇಕಾದ್ದು ಒಂದೇ: ಈ ಬಾಕಿ ಯಾವ ತಾರೀಖಿಗೆ ಹುಟ್ಟಿತು? ನಾನು ನೋಡಿದ ಇಂಥ ತಕರಾರುಗಳಲ್ಲಿ ಬಾಕಿ ಎಲ್ಲಾ ಕಡೆ ಹರಡಿಕೊಂಡಿರೋದಿಲ್ಲ. ಲೆಕ್ಕದ ಯಾವುದೋ ಒಂದು ಸಾಲಲ್ಲಿ ಹುಟ್ಟಿ, ಅಲ್ಲಿಂದ ಮರಿ ಹಾಕುತ್ತಾ ಬಂದಿರುತ್ತೆ. ಮೊದಲ ಕಂತಿನಿಂದ ಇವತ್ತಿನವರೆಗಿನ ಖಾತೆ ಸ್ಟೇಟ್‌ಮೆಂಟ್ ಬರವಣಿಗೆಯಲ್ಲಿ ಕೇಳಿ. ನಿಮ್ಮ ಪಾಸ್‌ಬುಕ್ ಪಕ್ಕಕ್ಕಿಟ್ಟು ಸಾಲು ಸಾಲಾಗಿ ತಾಳೆ ನೋಡಿ.

ಇನ್ನೊಂದು. ಕರಾರಿನ ಪ್ರತಿ ತೆಗೆದು, ನಿಮ್ಮ ಎದುರು ಪಕ್ಷ ಅಂತ ಯಾರ ಹೆಸರಿದೆ ನೋಡಿ. ಅಂಗಡಿಯದಾ, ಫೈನಾನ್ಸ್ ಕಂಪನಿಯದಾ? ಮಷೀನು ಕೊಟ್ಟದ್ದು ಅಂಗಡಿಯಾದರೂ ದುಡ್ಡು ಹಾಕಿದ್ದು ಬಹುಪಾಲು ಫೈನಾನ್ಸ್‌ನವರೇ ಆಗಿರುತ್ತಾರೆ. ದೂರು ಎಲ್ಲಿಗೆ ಕೊಡಬೇಕು ಅನ್ನೋದು ಇದರ ಮೇಲೇ ನಿಂತಿದೆ.

ಆ ಹುಡುಗನ ವಿಷಯ. ಹೀಗೆ ಬಾಡಿಗೆ ಕಟ್ಟುತ್ತಾ ಕೊನೆಗೆ ವಸ್ತು ನಿಮ್ಮದಾಗೋ ಹೈರ್ ಪರ್ಚೇಸ್ ಕರಾರಿನಲ್ಲಿ ಕೊನೆ ಕಂತು ತೀರುವವರೆಗೆ ವಸ್ತುವಿನ ಒಡೆತನ ಅವರದ್ದೇ, ಇದು ನಿಜ. ಹಾಗಂತ ಮನೆಗೆ ನುಗ್ಗಿ ಎತ್ತಿಕೊಂಡು ಹೋಗೋ ಹಕ್ಕು ಅವರಿಗಿಲ್ಲ. ಹೈರ್ ಪರ್ಚೇಸ್ ಕಾರೊಂದರ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್, ವಸೂಲಿ ಕಾನೂನಿನ ದಾರಿಯಲ್ಲೇ ಆಗಬೇಕು, ತೋಳ್ಬಲದಿಂದಲ್ಲ ಎಂದಿದೆ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡಬಾರದು, ನಾಲ್ಕು ಜನರ ಮುಂದೆ ಅವಮಾನ ಮಾಡಬಾರದು ಅಂತ ಆರ್‌ಬಿಐ 2022ರ ಆಗಸ್ಟ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ಅವನು ಮತ್ತೆ ಬಂದರೆ ಗುರುತಿನ ಚೀಟಿ ಕೇಳಿ, ಫೋಟೋ ತಗೊಳ್ಳಿ. ಹೆದರಿಸಿದರೆ 112ಕ್ಕೆ ಫೋನ್ ಮಾಡಿ.

ಪ್ರತಿಕ್ರಿಯೆ (ವ್ಯಾಪಾರಿ, ಮಂಡಿಪೇಟೆ)

ಮೇಡಂ, ಆರು ಸಾವಿರಕ್ಕೆ ಕೋರ್ಟು ಕಚೇರಿ ಅಲೆದಾಡಿದರೆ ಓಡಾಟಕ್ಕೇ ಅಷ್ಟು ಖರ್ಚಾಗ್ತೈತಿ. ಅವರು ದುಡಿಯೋ ಹೆಣ್ಣುಮಗಳು. ಕೊಟ್ಟು ಕೈ ತೊಳ್ಕೊಳ್ಳೋದು ವಾಸಿ ಅಲ್ವಾ?

ಉತ್ತರ (ವಕೀಲೆ)

ನಿಮ್ಮ ಕಾಳಜಿ ಅರ್ಥವಾಗುತ್ತೆ ಸರ್. ಆದರೆ ಅವರು ಆರು ಸಾವಿರ ದುಡಿಯೋಕೆ ಎಷ್ಟು ಬ್ಲೌಸ್ ಹೊಲೀಬೇಕು ಅಂತ ಲೆಕ್ಕ ಹಾಕಿ. ಮೊದಲ ಎರಡು ಹೆಜ್ಜೆಗೆ ಕೋರ್ಟೇ ಬೇಡ. ಕಂಪನಿಗೆ ಒಂದು ಪತ್ರ, ಆಮೇಲೆ ಇಂಥ ದೂರು ವಿಚಾರಿಸೋ ಆರ್‌ಬಿಐ ಅಧಿಕಾರಿ, ಅಂದರೆ ಒಂಬುಡ್ಸ್‌ಮನ್. ಎರಡಕ್ಕೂ ಶುಲ್ಕ ಇಲ್ಲ. ಜಿಲ್ಲಾ ಗ್ರಾಹಕ ಆಯೋಗದವರೆಗೆ ಹೋದರೂ 5 ಲಕ್ಷದೊಳಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ. ಕಂಪನಿಯ ಹೆಡ್ ಆಫೀಸ್ ಎಲ್ಲೇ ಇರಲಿ, ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು. ದುಡಿಮೆಗೆ ತಂದ ಮಷೀನು, ನೀವು ಗ್ರಾಹಕರಲ್ಲ ಅಂತ ಎದುರಿನವರು ವಾದಿಸುತ್ತಾರೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯೋಕೆ ತಂದದ್ದು ವಾಣಿಜ್ಯ ಉದ್ದೇಶ ಅನ್ನಿಸಿಕೊಳ್ಳೋದಿಲ್ಲ ಅಂತ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೇ ವಿವರಣೆ ಇದೆ.

ಕೇಳಿದವರು

ಮೇಡಂ, ಸ್ಟೇಟ್‌ಮೆಂಟ್ ಮೇಲ್ ಮಾಡಿಸಿಕೊಂಡು ಮಗನ ಕೈಲಿ ಓದಿಸಿದೆ. ಅಕ್ಟೋಬರ್‌ನಾಗೆ ಬೌನ್ಸ್ ಚಾರ್ಜ್ 500, ಜಿಎಸ್‌ಟಿ 90, ಒಟ್ಟು 590. ನವೆಂಬರ್‌ನಿಂದ ಈ ಮಾರ್ಚ್‌ವರೆಗೂ ತಿಂಗಳು ತಿಂಗಳೂ ಲೇಟ್ ಫೀ 300, ಜಿಎಸ್‌ಟಿ 54. ನಾನು ಒಂದು ತಿಂಗಳೂ ಲೇಟ್ ಮಾಡಿಲ್ಲ. ಪಾಸ್‌ಬುಕ್‌ನಾಗೆ ಎಲ್ಲಾ 5ನೇ ತಾರೀಖಿಗೇ ಕಟ್ ಆಗೈತಿ. ಕರಾರಿನ ಮೇಲೆ ಹೈರ್ ಪರ್ಚೇಸ್ ಅಂತ ಐತಿ, ಒಳಗೆ ಲೋನ್ ಅಕೌಂಟ್ ನಂಬರ್ ಐತಿ. ಫೈನಾನ್ಸ್ ಕಂಪನಿ ಹೆಸರು, ಆರ್‌ಬಿಐ ನೋಂದಣಿ ಸಂಖ್ಯೆನೂ ಐತಿ.

ಪ್ರತಿಕ್ರಿಯೆ (ಮೊದಲು ಕಲೆಕ್ಷನ್ ಕೆಲಸದಲ್ಲಿದ್ದವರು, ಹರಿಹರ)

ಇದು ನಾನು ದಿನಾ ನೋಡ್ತಿದ್ದ ಕಥೆ ಅಕ್ಕಾ. ನವೆಂಬರ್‌ನಲ್ಲಿ ನಿಮ್ಮ 1,950 ಬಂದಾಗ ಸಿಸ್ಟಮ್ ಮೊದಲು ಹಳೇ 590 ಮುರಿದುಕೊಳ್ಳುತ್ತೆ. ಕಂತಿಗೆ ಉಳಿಯೋದು 1,360. ಕಂತು ಪೂರ್ತಿ ಆಗಲಿಲ್ಲ ಅಂತ ಲೇಟ್ ಫೀ. ಮುಂದಿನ ತಿಂಗಳು ಆ ಫೀಸೂ ಸೇರಿಸಿ ಮುರಿಯುತ್ತೆ, ಕೊರತೆ ಇನ್ನೂ ದೊಡ್ಡದಾಗುತ್ತೆ. ನಮ್ಮ ಲಿಸ್ಟ್‌ನಲ್ಲಿ ನೀವು ಬಕೆಟ್‌ನಲ್ಲೇ, ಅಂದ್ರೆ ಬಾಕಿ ಉಳಿಸಿಕೊಂಡವರ ಗುಂಪಲ್ಲೇ ಇರ್ತೀರಿ. ಫೀಲ್ಡ್ ಹುಡುಗನಿಗೆ ಒಟ್ಟು ಬಾಕಿ ಮಾತ್ರ ಕಾಣೋದು, ಅದು ಹೇಗೆ ಬಂತು ಅಂತ ಕಾಣೋದಿಲ್ಲ.

ಉತ್ತರ (ವಕೀಲೆ)

ಹರಿಹರದ ತಮ್ಮ ಹೇಳಿದ್ದೇ ಸರಿ. ಲೆಕ್ಕ ಹಾಕಿ ನೋಡಿ: 17 ತಿಂಗಳು, ತಿಂಗಳಿಗೆ 354, ಒಟ್ಟು 6,018. ಅದಕ್ಕೆ 590 ಸೇರಿಸಿದರೆ ಸರಿಯಾಗಿ 6,608. ಬಾಕಿಯ ಹುಟ್ಟಿದ ದಿನ ಸಿಕ್ಕಿತು. ಅರವತ್ತು ರೂಪಾಯಿ ಕಮ್ಮಿ ಬಿದ್ದ ಒಂದು ದಿನಕ್ಕೆ ಹದಿನೇಳು ತಿಂಗಳ ಶಿಕ್ಷೆ ಇದು.

ಬೌನ್ಸ್ ಚಾರ್ಜ್ ಕರಾರಿನಲ್ಲಿ ಬರೆದಿದ್ದರೆ ಆ 590 ನೀವು ಕೊಡಬೇಕಾದ್ದೇ ಅಕ್ಕಾ. ಅದನ್ನು ಒಪ್ಪಿಕೊಳ್ಳಿ. ಒಪ್ಪಿಕೊಂಡರೆ ನಿಮ್ಮ ಪತ್ರಕ್ಕೆ ತೂಕ ಬರುತ್ತೆ. ಉಳಿದ 6,018ಕ್ಕೆ ಹೋರಾಡೋಣ.

ಬಾಡಿಗೆ ಅಂತ ಬಾಯಲ್ಲಿ ಹೇಳಿದರೂ ಒಳಗೆ ಸಾಲದ ಖಾತೆ ಅಂತ ಬರೆದಿರೋದು ನಮಗೆ ಅನುಕೂಲ. ನಮ್ಮ ದೇಶದಲ್ಲಿ 1972ರಲ್ಲಿ ಹೈರ್ ಪರ್ಚೇಸ್ ಕಾಯ್ದೆ ಅಂತ ಒಂದು ಆಯ್ತು. ಅದು ಜಾರಿಗೆ ಬರಲೇ ಇಲ್ಲ, 2005ರಲ್ಲಿ ರದ್ದೂ ಆಯ್ತು. ಕಂತಿನ ಮೇಲೆ ವಸ್ತು ತಂದವರಿಗೆ ಅಂತಲೇ ಇದ್ದ ರಕ್ಷಣೆ ಕೈಗೆ ಸಿಗದೇ ಹೋಯಿತಲ್ಲ ಅಂತ ನನಗೆ ಇವತ್ತಿಗೂ ಸಂಕಟ. ಹಾಗಾಗಿ ನಾವು ಹಿಡಿಯಬೇಕಾದ್ದು ಸಾಲ ಖಾತೆಗಳ ದಂಡ ಶುಲ್ಕದ ಬಗ್ಗೆ ಆರ್‌ಬಿಐ 2023ರ ಆಗಸ್ಟ್ 18ರಂದು ಹೊರಡಿಸಿದ ಸುತ್ತೋಲೆಯನ್ನು. ದಂಡ ತಪ್ಪಿಗೆ ತಕ್ಕಷ್ಟಿರಬೇಕು, ದಂಡವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಹಾಕಬಾರದು, ದಂಡ ಹಾಕಿದಾಗ ಕಾರಣ ತಿಳಿಸಬೇಕು ಅನ್ನುತ್ತೆ ಅದು. ಹಳೇ ಸಾಲಗಳಿಗೂ 2024ರ ಜೂನ್ 30ರೊಳಗೆ ಇದು ಅನ್ವಯಿಸಬೇಕಿತ್ತು. ಹದಿನೇಳು ಸಲ ದಂಡ ಹಾಕುವಾಗ ನಿಮಗೆ ಒಂದಾದರೂ ಎಸ್‌ಎಂಎಸ್ ಬಂದಿತ್ತಾ? ಇನ್ನು ಆ 54 ರೂಪಾಯಿ. ಈ ಬಗೆಯ ದಂಡ ಶುಲ್ಕಕ್ಕೆ ಜಿಎಸ್‌ಟಿ ಇಲ್ಲ ಅಂತ ಕೇಂದ್ರದ ತೆರಿಗೆ ಮಂಡಳಿ 2025ರ ಜನವರಿ 28ರಂದು ಸ್ಪಷ್ಟಪಡಿಸಿದೆ. ಅಲ್ಲಿಗೇ 918 ರೂಪಾಯಿ ಬುಡವಿಲ್ಲದ್ದು.

ಕಂಪನಿಯ ದೂರು ಪರಿಹಾರ ಅಧಿಕಾರಿಗೆ ಹೀಗೆ ಬರೆಯಿರಿ, ನಿಮ್ಮ ಮಾತಲ್ಲೇ ಇರಲಿ:

"ನನ್ನ ಖಾತೆಯ 24 ಕಂತುಗಳೂ ಪಾವತಿಯಾಗಿವೆ. ಪಾಸ್‌ಬುಕ್ ಮತ್ತು 2023ರ ಅಕ್ಟೋಬರ್‌ನ ನಗದು ರಸೀದಿಯ ಪ್ರತಿ ಲಗತ್ತಿಸಿದ್ದೇನೆ. ಬೌನ್ಸ್ ಶುಲ್ಕ 590 ಬಾಕಿ ಇದೆಯೆಂದು ನಗದು ಪಡೆದ ದಿನವಾಗಲಿ ಆಮೇಲಾಗಲಿ ನನಗೆ ತಿಳಿಸಿಲ್ಲ. ಪ್ರತಿ ತಿಂಗಳ 1,950 ನಾನು ಕಟ್ಟಿದ್ದು ಆ ತಿಂಗಳ ಕಂತಿಗೆ. ಅದನ್ನು ಶುಲ್ಕಕ್ಕೆ ಮುರಿದುಕೊಂಡು ವಿಧಿಸಿದ 6,018 ರೂಪಾಯಿಗೆ ನನ್ನ ತಕರಾರಿದೆ. ಅದನ್ನು ತೆಗೆದು, ಕರಾರಿನ ಯಾವ ಕಲಂ ಪ್ರಕಾರ ವಿಧಿಸಿದಿರಿ ಎಂಬುದನ್ನು ಬರವಣಿಗೆಯಲ್ಲಿ ತಿಳಿಸಿ. ತಕರಾರು ತೀರುವವರೆಗೆ ವಸೂಲಿ ನಿಲ್ಲಿಸಿ."

ಕಂತಿಗೆ ಅಂತ ಕೊಟ್ಟದ್ದನ್ನು ಕಂತಿಗೇ ಜಮಾ ಮಾಡಬೇಕು ಅನ್ನೋದಕ್ಕೆ 1872ರ ಕರಾರು ಕಾಯ್ದೆಯ 59ನೇ ಕಲಂ ಆಧಾರ. ಆ ಕಲಂ ಬೇರೆ ಬೇರೆ ಸಾಲಗಳಿಗೆ, ಇಲ್ಲಿರೋದು ಒಂದೇ ಕರಾರು ಅಂತ ಅವರು ವಾದಿಸಬಹುದು. ಆದರೂ ನಮೂದಿಸಿ. ಮೇಲ್ ಮಾಡಿ, ಸ್ಪೀಡ್ ಪೋಸ್ಟನ್ನೂ ಹಾಕಿ. ಅಂಗಡಿಯವನ ಕೈಗೆ ಕೊಟ್ಟು ಬರಬೇಡಿ.

30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದದ್ದು ಒಪ್ಪಿಗೆಯಾಗದಿದ್ದರೆ, ಒಂಬುಡ್ಸ್‌ಮನ್‌ಗೆ ಹೋಗಿ. ಆರ್‌ಬಿಐನ ಸಿಎಂಎಸ್ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ಗೊತ್ತಾಗದಿದ್ದರೆ 14448ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಮಾತಾಡುತ್ತಾರೆ. ಅಲ್ಲಿ ನಿಮ್ಮ ಪರವಾಗಿ ವಕೀಲರು ದೂರು ಹಾಕುವ ಹಾಗಿಲ್ಲ, ನೀವೇ ಹಾಕಬೇಕು. ಮಗ ಪಕ್ಕದಲ್ಲಿ ಕೂತು ಟೈಪ್ ಮಾಡಿಕೊಡಲಿ. ಗ್ರಾಹಕ ಆಯೋಗದಲ್ಲಿ ಇದೇ ವಿಷಯದ ಕೇಸ್ ನಡೀತಿದ್ದರೆ ಒಂಬುಡ್ಸ್‌ಮನ್ ತಗೊಳ್ಳೋದಿಲ್ಲ. ಅದಕ್ಕೇ ಮೊದಲು ಇಲ್ಲಿ, ಆಮೇಲೆ ಅಲ್ಲಿ.

ನಗದು ರಸೀದಿ ಮಷೀನಿನಿಂದ ಬಂದ ನುಣುಪು ಕಾಗದದ್ದಾದರೆ ಅಕ್ಷರ ಮಾಸಿಹೋಗುತ್ತೆ. ಇವತ್ತೇ ಫೋಟೋ ತೆಗೆದು ಜೆರಾಕ್ಸ್ ಮಾಡಿಸಿ.

ಕೇಳಿದವರು

ಮೇಡಂ, 22ನೇ ದಿನಕ್ಕೆ ಮೇಲ್ ಬಂತು. 6,018 ತೆಗೀತೀವಿ, 590 ಕಟ್ಟಿದರೆ ನೋ ಡ್ಯೂ ಕೊಡ್ತೀವಿ ಅಂದವ್ರೆ. ಮೇಲ್ ಓದಿಸಿಕೊಂಡು ಸುಮ್ನೆ ಮಷೀನ್ ಮುಂದೆ ಕುಂತಿದ್ದೆ. ಕೈಯೇ ಓಡಲಿಲ್ಲ. ಆ ಹುಡುಗನ ಕೈಗೇ 590 ಕೊಡಲಾ?

ಉತ್ತರ (ವಕೀಲೆ)

ತುಂಬಾ ಸಂತೋಷವಾಯ್ತು ಅಕ್ಕಾ. ಹುಡುಗನ ಕೈಗೆ ಬೇಡ. ಕಂಪನಿಯ ಖಾತೆಗೆ ಯುಪಿಐ ಮಾಡಿ, ಷರಾದಲ್ಲಿ "ಬೌನ್ಸ್ ಶುಲ್ಕ, ಪೂರ್ಣ ಪಾವತಿ" ಅಂತ ಬರೆಯಿರಿ. ಅದೇ ದಿನ ಬ್ಯಾಂಕಿಗೆ ಹೋಗಿ ಕಂತು ತಾನೇ ಕಟ್ ಆಗೋಕೆ ನೀವು ಕೊಟ್ಟಿದ್ದ ಒಪ್ಪಿಗೆ (ಮ್ಯಾಂಡೇಟ್) ರದ್ದು ಮಾಡಿಸಿ. ಎಷ್ಟೋ ಜನ ಇದನ್ನ ಮರೀತಾರೆ.

ನೋ ಡ್ಯೂ ಕೈಗೆ ಬಂದ ಒಂದು ತಿಂಗಳಿಗೆ ಸಿಬಿಲ್ ವರದಿ ತೆಗೆಸಿ, ವರ್ಷಕ್ಕೊಂದು ಉಚಿತ. ಅದರಲ್ಲಿ ಆ ಹದಿನೇಳು ತಿಂಗಳೂ ತಡ ಅಂತಲೇ ಉಳಿದಿರಬಹುದು. ಉಳಿದಿದ್ದರೆ ಕಂಪನಿಯ ಈ ಮೇಲ್ ಲಗತ್ತಿಸಿ ಸಿಬಿಲ್‌ಗೆ ತಕರಾರು ಹಾಕಿ. 30 ದಿನದಲ್ಲಿ ಇತ್ಯರ್ಥ ಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಬರಬೇಕು. ಮುಂದೆ ಇನ್ನೊಂದು ಮಷೀನಿಗೆ ಬ್ಯಾಂಕ್ ಸಾಲ ಕೇಳೋಕೆ ಹೋದಾಗ ಅವರು ಮೊದಲು ತೆಗೆದು ನೋಡೋದು ಆ ವರದಿಯನ್ನೇ. ಅದು ಬಂದ ಮೇಲೆ ಇಲ್ಲಿ ಹಾಕಿ, ಒಟ್ಟಿಗೆ ಓದೋಣ.