ಮೈನೆರೆದ ಮಗಳನ್ನು ಮನೆಯಲ್ಲಿಟ್ಟುಕೊಂಡರೆ ಪಾಪವೇ?

ಪ್ರಶ್ನೆ: ಅಂಗನವಾಡಿ ಕಾರ್ಯಕರ್ತೆ, ಕೊಡಗಿನ ಸಿದ್ದಾಪುರದ ಹತ್ತಿರ

ನಮ್ಮ ಕೇಂದ್ರದ ಹಿಂದೆಯೇ ಕಾಫಿ ತೋಟದ ಕೂಲಿಯವರ ಲೈನ್ ಮನೆಗಳಿವೆ. ಅಲ್ಲಿ ಪಿರಿಯಾಪಟ್ಟಣದ ಕಡೆಯಿಂದ ಬಂದ ಒಂದು ಕುಟುಂಬ. ಮಗಳು ನನ್ನ ಕಣ್ಣೆದುರೇ ಅಕ್ಷರ ತಿದ್ದಿದವಳು, ಈಗ ಹದಿನಾರು. ಕೊಯ್ಲಿನ ದುಡ್ಡು ಕೈಗೆ ಬಂದೊಡನೆ, ಯುಗಾದಿ ಕಳೆದು ಮದುವೆಯಂತೆ. ಹದಿನೆಂಟು, ಕಾನೂನು, ಕೇಸು ಎಂದು ನಾನು ಹೇಳಿದ್ದಕ್ಕೆ ಅಪ್ಪ ಸೊಪ್ಪು ಹಾಕಲಿಲ್ಲ. "ಮೈನೆರೆದವಳನ್ನು ಮನೆಯಲ್ಲಿಟ್ಟುಕೊಂಡರೆ ಹೆತ್ತವರಿಗೆ ಪಾಪ. ಇದು ಧರ್ಮದ ಮಾತು ಟೀಚರೇ, ಸರಕಾರಕ್ಕೇನು ಕೆಲಸ?" ಎಂದರು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುತ್ತೇನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕುಟ್ಟ ದಾಟಿದರೆ ಕೇರಳದ ವಯನಾಡು, ಅಲ್ಲಿ ಅವರ ನೆಂಟರಿದ್ದಾರೆ, ಅಲ್ಲಿಗೆ ಕರೆದೊಯ್ದು ಮದುವೆ ಮುಗಿಸಿಬಿಡಬಹುದು. ಅಪ್ಪನ ಮನಸ್ಸೇ ತಿರುಗಬೇಕು. ಅವರು ಹೇಳುವುದು ಶಾಸ್ತ್ರದಲ್ಲಿ ಇದೆಯೇ?

ಉತ್ತರ: ಪೌರೋಹಿತ್ಯ ಮಾಡುವವನು, ಭಾಗಮಂಡಲದ ಕಡೆ

ಇದೆ. ಇಲ್ಲವೆಂದರೆ ಸುಳ್ಳಾಗುತ್ತದೆ. ಪರಾಶರ ಸ್ಮೃತಿಯಲ್ಲಿ ಎಂಟು ವರ್ಷದವಳು ಗೌರಿ, ಒಂಬತ್ತಕ್ಕೆ ರೋಹಿಣಿ, ಹತ್ತಕ್ಕೆ ಕನ್ಯೆ. ಹನ್ನೆರಡಾದರೂ ಕೊಡದವನ ಪಿತೃಗಳಿಗೆ ಏನಾಗುತ್ತದೆಂದು ಬರೆದಿರುವುದನ್ನು ಇಲ್ಲಿ ಬರೆಯಲು ನನಗೇ ಹೇಸಿಗೆ. ಆದರೆ ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವು, ಗುಣಹೀನನಿಗೆ ಕೊಡುವುದಕ್ಕಿಂತ ಋತುಮತಿಯಾದ ಮಗಳು ಸಾಯುವವರೆಗೂ ತವರಿನಲ್ಲೇ ಇರಲಿ ಎನ್ನುತ್ತದೆ. ಬೇಕಾದವರು ಬೇಕಾದ ಶ್ಲೋಕ ಹೆಕ್ಕುತ್ತಾರೆ. ಪರಾಶರರ ಲೆಕ್ಕ ಹಿಡಿದರೆ ಆ ತಂದೆ ನಾಲ್ಕು ವರ್ಷದಿಂದ ಪಾಪ ಹೊತ್ತುಕೊಂಡೇ ಓಡಾಡುತ್ತಿದ್ದಾರೆ. ಇಷ್ಟು ದಿನ ಇಲ್ಲದ ಭಯ ಈಗೇಕೆ ಎಂದು ಕೇಳಿ ನೋಡಿ.

ನಮ್ಮ ಪುರೋಹಿತರಿಗೂ ಒಂದು ಮಾತು. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯಲ್ಲಿ ಮದುವೆ ಮಾಡಿಸಿದವರಿಗೂ ಎರಡು ವರ್ಷದವರೆಗೆ ಕಠಿಣ ಸಜೆ ಇದೆ. ಜಾತಕ ಕೈಯಲ್ಲಿ ಹಿಡಿದು ಗುಣ ಕೂಡಿಸಿದವನು ಹುಡುಗಿಯ ವಯಸ್ಸು ಗೊತ್ತಿರಲಿಲ್ಲವೆಂದರೆ ಯಾರು ನಂಬುತ್ತಾರೆ?

ಉತ್ತರ: ವಿರಾಜಪೇಟೆಯಿಂದ

ನನ್ನ ನಿಕಾಹ್ ಹದಿನೈದಕ್ಕೆ ಆಯಿತು. ಪ್ರಾಯಕ್ಕೆ ಬಂದರೆ ಸಾಕು ಎಂದು ಹಿರಿಯರು ಹೇಳಿದರು. ನಮ್ಮಲ್ಲಿ ಹೆಣ್ಣಿನ ಒಪ್ಪಿಗೆಯಿಲ್ಲದೆ ನಿಕಾಹ್ ಇಲ್ಲ, ಅದನ್ನೂ ಕೇಳಿದರು. ಕೈ ತುಂಬ ಹಸಿ ಮೆಹೆಂದಿ, ತಟ್ಟೆಯಲ್ಲಿದ್ದ ಹಲ್ವ ತಿನ್ನಲಾಗುತ್ತಿಲ್ಲ ಎಂಬುದೇ ನನ್ನ ಚಿಂತೆ. ತಲೆಯಾಡಿಸಿದೆ. ನಿಜವಾದ ಕಾರಣ ದೀನ್ (ಧರ್ಮ) ಅಲ್ಲ. ಅಬ್ಬನಿಗೆ ಗಲ್ಫ್ ವೀಸಾ ಬಂದಿತ್ತು, ಹೋಗುವ ಮೊದಲು ಒಂದು ಭಾರ ಇಳಿಸಬೇಕಿತ್ತು. ನನ್ನ ಮಗಳೀಗ ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಇಪ್ಪತ್ತಾಗಿದೆ. ಆಕಾಶವೇನೂ ಬಿದ್ದಿಲ್ಲ.

ಉತ್ತರ: ಬೆಳೆಗಾರ, ನಾಪೋಕ್ಲು

ಕೊಡವರ ಮದುವೆಯಲ್ಲಿ ಪುರೋಹಿತರಿಲ್ಲ, ಮಂತ್ರವಿಲ್ಲ. ದೀಪದೆದುರು ಹಿರಿಯರು ಅಕ್ಕಿ ಹಾಕಿ, ಹಾಲು ಕುಡಿಸಿ ಹರಸುತ್ತಾರೆ. ಹಾಗಾಗಿ ಇದು ನಮ್ಮ ಸಮಸ್ಯೆಯೇ ಅಲ್ಲವೆಂದು ಬೀಗುತ್ತಿದ್ದೆ. ಎರಡು ವರ್ಷದ ಹಿಂದೆ ನನ್ನದೇ ತೋಟದ ಲೈನಿನಲ್ಲಿ ಯರವ ಬುಡಕಟ್ಟಿನ ಹುಡುಗಿಯೊಬ್ಬಳು ಹದಿನೈದಕ್ಕೇ ಬಸುರಿಯಾದಳು. ಅಲ್ಲಿ ಯಾವ ಸ್ಮೃತಿಯೂ ಇರಲಿಲ್ಲ, ಯಾವ ಮೌಲವಿಯೂ ಇರಲಿಲ್ಲ. ಆಮೇಲೆ ಹೋಗಿ ನೋಡಿದೆ. ನಾನೇ ಕಟ್ಟಿಸಿದ ಮನೆಯ ಬಾಗಿಲಿಗೆ ಒಳಗಿನಿಂದ ಚಿಲಕವಿರಲಿಲ್ಲ, ತಂತಿ ಸುತ್ತಿದ್ದರು. ಕಕ್ಕಸು ಕೆಳಗೆ ಕಿತ್ತಳೆ ಸಾಲಿನಾಚೆ. ತಾಯಿ ಬೆಳಿಗ್ಗೆ ಎಂಟಕ್ಕೆ ಹೋದರೆ ಸಂಜೆ ಕೊಯ್ದ ಕಾಫಿ ಹಣ್ಣು ತೂಕವಾಗುವವರೆಗೆ ಬರುವುದಿಲ್ಲ. ಟೀಚರ್, ಶ್ಲೋಕ ಬಿಡಿ, ಆ ಮನೆಯ ಬಾಗಿಲು ನೋಡಿ ಬನ್ನಿ.

ಮತ್ತೆ ಪ್ರಶ್ನೆ ಕೇಳಿದವಳು

ನಿನ್ನೆ ಸಂಜೆ ಹೋಗಿದ್ದೆ. ಚಿಲಕವಿದೆ, ಆದರೆ ಚೌಕಟ್ಟು ಗೆದ್ದಲು ಹಿಡಿದು ಮೊಳೆ ನಿಲ್ಲುವುದಿಲ್ಲ. ಪುರೋಹಿತರು ಹೇಳಿಕೊಟ್ಟಂತೆ "ಈಗೇಕೆ ಭಯ" ಎಂದು ಕೇಳಿದೆ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಅಮ್ಮನೇ ಬಾಯಿಬಿಟ್ಟರು: ಕಳೆದ ತಿಂಗಳು ಲಾರಿಗೆ ಮೂಟೆ ತುಂಬಲು ಬಂದವನೊಬ್ಬ ನೀರು ಕೇಳುವ ನೆಪದಲ್ಲಿ ಮೂರು ಸಲ ಬಾಗಿಲಿಗೆ ಬಂದಿದ್ದನಂತೆ, ಹುಡುಗಿ ಒಬ್ಬಳೇ ಇದ್ದಾಗ. ಪಾಪದ ಮಾತು ಮತ್ತೆ ಬರಲಿಲ್ಲ.

1098ಕ್ಕೆ ತಿಳಿಸಿದ್ದೇನೆ. ಪಿಯುಸಿಗೆ ಸರಕಾರಿ ಹಾಸ್ಟೆಲಿನಲ್ಲಿ ಸೀಟಿಗೆ ಅರ್ಜಿ ಹಾಕಿಸೋಣವೆಂದೆ. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ನಾನು ಚಪ್ಪಲಿ ಮೆಟ್ಟುವಾಗ ಹಿಂದೆಯೇ ಬಂದು ಕೇಳಿದರು: "ಅಲ್ಲಿ ರಾತ್ರಿ ಗೇಟಿಗೆ ಬೀಗ ಹಾಕುತ್ತಾರಾ ಟೀಚರೇ?"